ಹಸ್ತಾಕ್ಷರದ ಆಸೆಗೆ ಅಪರೂಪದ ವಸ್ತುಗಳನ್ನು ಅಂಚೆಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಮೆಚ್ಚಿನ ಆಟಗಾರರ ವಿಳಾಸ ಹುಡುಕಿ, ಅವರಿಗೆ ಫೋಟೊ, ಚೆಂಡು, ಟೀ ಶರ್ಟು, ಪುಟ್ಟ ಬ್ಯಾಟುಗಳನ್ನು ಅಂಚೆಯಲ್ಲಿ ಕಳಿಸಿ, ಸಹಿ ಹಾಕಿಸಿ ತರಿಸಿಕೊಳ್ಳುವ ಹವ್ಯಾಸ ನಮ್ಮ ಬೆಳಗಾವಿಯ ಶಾಲಾ ಕಾಲೇಜು ಮಕ್ಕಳಲ್ಲಿ ಈಚೆಗೆ ಎದ್ದು ಕಾಣುತ್ತಿದೆ. ಯಾರೋ ಲಕೋಟೆ ಒಡೆದು ಒಳಗಿನ ಸಹಿಯನ್ನು ತೋರಿಸುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದ ಮಕ್ಕಳಿಗೆ ತಮ್ಮ ಮನೆಗೂ ಅಂಥದ್ದೊಂದು ಲಕೋಟೆ ಬರಲಿ ಎನ್ನಿಸುವುದು ಸಹಜ. ಹವ್ಯಾಸದ ಬಗ್ಗೆ ನನಗೆ ಗೌರವವಿದೆ. ತನಗೆ ಇಷ್ಟವಾದ ಆಟಗಾರನಿಗೆ ಕೈಬರಹದಲ್ಲಿ ಒಂದು ಪತ್ರ ಬರೆಯುವ ಹುಡುಗ, ಬರೆಯುವ ಹೊತ್ತಿಗಾದರೂ ನಾಲ್ಕು ಸಾಲು ಶುದ್ಧವಾಗಿ ಬರೆಯಲು ಕಲಿಯುತ್ತಾನೆ. ಆದರೆ ಅಂಚೆ ಇಲಾಖೆಯ ಕೌಂಟರಿನಲ್ಲೂ ವಿಂಗಡಣೆಯ ಮೇಜಿನಲ್ಲೂ ದುಡಿದು ನಿವೃತ್ತನಾದ ನಾನು, ಮಕ್ಕಳು ಏನನ್ನು ಕಳಿಸುತ್ತಿದ್ದಾರೆ, ಹೇಗೆ ಕಳಿಸುತ್ತಿದ್ದಾರೆ ಎಂಬುದನ್ನು ನೋಡಿದ ಮೇಲೆ ಸುಮ್ಮನಿರಲಾರದೆ ಈ ಪತ್ರ ಬರೆಯುತ್ತಿದ್ದೇನೆ. ಕಳೆದುಹೋದರೆ ಮತ್ತೆ ಸಿಗದ ಯಾವ ವಸ್ತುವನ್ನೂ ಸಹಿಗಾಗಿ ಅಂಚೆಗಾಗಲಿ ಕೊರಿಯರ್‌ಗಾಗಲಿ ಕೊಡಬಾರದು ಎಂಬುದೇ ನನ್ನ ವಿನಂತಿ.

ನಮ್ಮೂರಿನ ಶಹಾಪುರದ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಆ ಮನೆಯ ಅಜ್ಜ ತಮ್ಮ ಯೌವನದಲ್ಲಿ ಸೇನೆಯ ತಂಡಕ್ಕೆ ಹಾಕಿ ಆಡಿದವರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು ಎಂಬುದನ್ನು ಬಲ್ಲವರಿಗೆ, ಈ ಊರಿನಲ್ಲಿ ಆ ಕಾಲದ ಹಾಕಿಗೆ ಇದ್ದ ಮಾನವೇನೆಂದು ನಾನು ವಿವರಿಸಬೇಕಾಗಿಲ್ಲ. ಅಜ್ಜನ ಬಳಿ ತಂಡದ ಒಂದು ಕಪ್ಪುಬಿಳುಪು ಗುಂಪುಫೋಟೊ ಇತ್ತು. ಅದರ ಅಂಚಿನಲ್ಲಿ ಜೊತೆ ಆಟಗಾರರು ಶಾಯಿ ಪೆನ್ನಿನಿಂದ ಸಹಿ ಮಾಡಿದ್ದರು. ಸಹಿ ಮಾಡದೆ ಉಳಿದಿದ್ದ ಒಬ್ಬ ಹಿರಿಯ ಆಟಗಾರ ಬೇರೆ ರಾಜ್ಯದಲ್ಲಿದ್ದಾರೆಂದು ತಿಳಿದ ಮೊಮ್ಮಗ, ಅಜ್ಜನಿಗೆ ಸಂತೋಷವಾಗಲಿ ಎಂದು, ಆ ಮೂಲ ಫೋಟೊವನ್ನೇ ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ. ಒಳಗೆ ತನ್ನ ವಿಳಾಸ ಬರೆದು ಅಂಚೆ ಚೀಟಿ ಹಚ್ಚಿದ ಇನ್ನೊಂದು ಲಕೋಟೆಯನ್ನೂ ಇಟ್ಟಿದ್ದ. ಆ ಹಿರಿಯರು ಸಹಿ ಮಾಡಿ, ಅದೇ ಲಕೋಟೆಯಲ್ಲಿ ಹಾಕಿ ಕಳಿಸಿದ್ದಾಗಿ ಫೋನಿನಲ್ಲಿ ತಿಳಿಸಿದರು. ಮನೆಗೆ ಬಂದ ಲಕೋಟೆಯಲ್ಲಿ ಎರಡು ರಟ್ಟುಗಳು ಮಾತ್ರ ಇದ್ದವು.

ಆ ಹುಡುಗ ಲಕೋಟೆಯನ್ನು ನನ್ನ ಬಳಿ ತಂದ. ಅದರ ಒಂದು ಬದಿಯನ್ನು ಬ್ಲೇಡಿನಿಂದ ನೇರವಾಗಿ ಸೀಳಿ, ಕಂದು ಟೇಪು ಹಚ್ಚಿ ಮತ್ತೆ ಮುಚ್ಚಲಾಗಿತ್ತು. ಕಳಿಸಿದವರೇ ಭದ್ರತೆಗೆಂದು ಟೇಪು ಹಚ್ಚಿದ್ದರೆ ಅಂಚೆ ಕಚೇರಿಯ ಠಸ್ಸೆ ಟೇಪಿನ ಮೇಲೆ ಬೀಳಬೇಕಿತ್ತು. ಇಲ್ಲಿ ಠಸ್ಸೆಯ ಅರ್ಧ ವೃತ್ತ ಟೇಪಿನ ಕೆಳಗೆ ಅಡಗಿತ್ತು. ಅಂದರೆ ಠಸ್ಸೆ ಬಿದ್ದ ಮೇಲೆ, ದಾರಿಯಲ್ಲಿ ಎಲ್ಲೋ, ಯಾರದೋ ಕೈಯಲ್ಲಿ ಅದು ತೆರೆದಿತ್ತು. ಯಾರ ಕೈ ಎಂದು ಹೇಳಲು ಯಾವ ಆಧಾರವೂ ಇರಲಿಲ್ಲ. ಸಾದಾ ಟಪಾಲಿಗೆ ಸಂಖ್ಯೆ ಇಲ್ಲ, ರಶೀದಿ ಇಲ್ಲ, ಯಾವ ಕಚೇರಿಯಿಂದ ಯಾವ ಚೀಲದಲ್ಲಿ ಯಾವ ದಿನ ಹೊರಟಿತೆಂಬ ನಮೂದು ಇಲ್ಲ. ದೂರು ಕೊಟ್ಟರು, ದಾಖಲೆ ಇಲ್ಲದ ಟಪಾಲಿನ ಬಗ್ಗೆ ವಿಚಾರಣೆ ಸಾಧ್ಯವಿಲ್ಲವೆಂಬ ಉತ್ತರ ಬಂತು. ಆ ಉತ್ತರ ಸುಳ್ಳಲ್ಲ ಎಂಬುದು ನನಗೆ ಇನ್ನಷ್ಟು ಸಂಕಟದ ಸಂಗತಿ.

ಈ ಹವ್ಯಾಸದ ಬಹುಪಾಲು ನಷ್ಟಗಳ ಮೂಲ ಇಲ್ಲಿಯೇ ಇದೆ. ಹೋಗುವ ದಾರಿಗೆ ನಾವು ಸ್ಪೀಡ್ ಪೋಸ್ಟಿನ ಹಣ ಕಟ್ಟುತ್ತೇವೆ, ಸಂಖ್ಯೆ ಪಡೆಯುತ್ತೇವೆ, ಇವತ್ತು ಎಲ್ಲಿ ಮುಟ್ಟಿತು ಎಂದು ಮೊಬೈಲಿನಲ್ಲಿ ನೋಡುತ್ತ ಕೂರುತ್ತೇವೆ. ಬರುವ ದಾರಿಗೆ ಮಾತ್ರ ಅಂಚೆ ಚೀಟಿ ಹಚ್ಚಿದ ಸಾದಾ ಲಕೋಟೆ. ಸಹಿ ಬೀಳುವುದಕ್ಕೆ ಮುಂಚೆ ವಸ್ತುವಿಗೆ ಇದ್ದ ಬೆಲೆಗಿಂತ ಸಹಿ ಬಿದ್ದ ಮೇಲಿನ ಬೆಲೆಯೇ ಹೆಚ್ಚು; ಆ ಹೆಚ್ಚಿನ ಬೆಲೆಯ ಪಯಣವೇ ಯಾವ ರಕ್ಷಣೆಯೂ ಇಲ್ಲದೆ ನಡೆಯುತ್ತದೆ. ಆಟಗಾರರು ನಮ್ಮ ಪರವಾಗಿ ಸ್ಪೀಡ್ ಪೋಸ್ಟ್ ಮಾಡಲಿ ಎಂದು ಬಯಸುವುದೂ ಸರಿಯಲ್ಲ, ಏಕೆಂದರೆ ಅದಕ್ಕೆ ಯಾರಾದರೂ ಕೌಂಟರಿನ ಸರದಿಯಲ್ಲಿ ನಿಂತು ತೂಕ ಹಾಕಿಸಿ ರಶೀದಿ ಪಡೆಯಬೇಕಾಗುತ್ತದೆ. ಪರಿಚಯವೇ ಇಲ್ಲದವರಿಂದ ಅಷ್ಟು ಉಪಕಾರವನ್ನು ಯಾವ ಹಕ್ಕಿನಿಂದ ಕೇಳುವುದು?

ಇದರೊಂದಿಗೆ ಬೇರಿಂಗ್ ಟಪಾಲಿನ, ಅಂದರೆ ತೂಕಕ್ಕೆ ಸಾಲದಷ್ಟು ಅಂಚೆ ಚೀಟಿ ಹಚ್ಚಿದ ಟಪಾಲಿನ, ತೊಂದರೆಯೂ ಇದೆ. 20 ಗ್ರಾಮಿನ ಪತ್ರಕ್ಕೆ ಸಾಲುವಷ್ಟು ಅಂಚೆ ಚೀಟಿ ಹಚ್ಚಿ, ಒಳಗೆ ಎರಡು ದಪ್ಪ ರಟ್ಟು, ಫೋಟೊ, ಮರುಲಕೋಟೆ, ಮಾರ್ಕರ್ ಪೆನ್ನು ಇವನ್ನೆಲ್ಲ ತುಂಬಿದ ಪೊಟ್ಟಣಗಳನ್ನು ನಾನು ಎಷ್ಟೋ ಬಾರಿ ಕೈಯಲ್ಲಿ ಹಿಡಿದು ತೂಗಿದ್ದೇನೆ. ಕೌಂಟರಿಗೆ ತಂದವರಿಗೆ ಕೊರತೆ ತುಂಬಿ ಎಂದು ಹೇಳಬಹುದು. ಡಬ್ಬಿಗೆ ಹಾಕಿಹೋದವರಿಗೆ ಹೇಳುವವರಾರು? ಕಡಿಮೆ ಬಿದ್ದ ಹಣದ ದುಪ್ಪಟ್ಟನ್ನು ಪಡೆಯುವವರಿಂದ ವಸೂಲು ಮಾಡುವುದು ಅಂಚೆಯ ರೂಢಿ. ಸಹಿ ಕೇಳಿದ ಅಭಿಮಾನಿಯ ಪತ್ರಕ್ಕೆ ಆಟಗಾರನ ಮನೆಯವರೇ ದಂಡ ಕಟ್ಟಿ ಬಿಡಿಸಿಕೊಳ್ಳಬೇಕೆಂದರೆ ಅವರು ಬೇಡವೆಂದು ವಾಪಸು ಕಳಿಸುತ್ತಾರೆ. ಹೊರಗಡೆ ಕಳಿಸಿದವರ ವಿಳಾಸವನ್ನೂ ಬರೆಯದಿದ್ದರೆ ಅದು ಮನೆಗೆ ಮರಳುವ ಬದಲು ವಾರಸುದಾರರಿಲ್ಲದ ಟಪಾಲುಗಳ ಕಚೇರಿ ಸೇರುತ್ತದೆ.

ಕಳೆದರೆ ಇಲಾಖೆ ಪರಿಹಾರ ಕೊಡುವುದಿಲ್ಲವೇ ಎಂದು ಕೇಳುವವರಿಗೆ ನಿಯಮವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೇ ಕಲಮು, ಸರ್ಕಾರ ತಾನಾಗಿ ಒಪ್ಪಿಕೊಂಡ ಹೊಣೆಯನ್ನು ಬಿಟ್ಟರೆ, ಟಪಾಲು ಕಳೆದರೂ ತಡವಾದರೂ ಕೆಟ್ಟರೂ ಅದಕ್ಕೆ ಸರ್ಕಾರ ಹೊಣೆಯಲ್ಲ ಎಂದು ಹೇಳುತ್ತಿತ್ತು. ಅದರ ಬದಲಿಗೆ ಬಂದ, 2024ರ ಜೂನ್ 18ರಿಂದ ಜಾರಿಯಲ್ಲಿರುವ 2023ರ ಅಂಚೆ ಕಚೇರಿ ಕಾಯ್ದೆಯೂ ನಿಯಮಗಳಲ್ಲಿ ಗೊತ್ತುಪಡಿಸಿದಷ್ಟು ಹೊಣೆಯನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ನಾನು ಸೇವೆಯಲ್ಲಿದ್ದಾಗ ಸ್ಪೀಡ್ ಪೋಸ್ಟ್ ಕಳೆದರೆ ಸಿಗುತ್ತಿದ್ದ ಪರಿಹಾರವೆಂದರೆ, ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅಜ್ಜನ ಫೋಟೊ ಹೋಗುವ ದಾರಿಯಲ್ಲೇ ಕಳೆದಿದ್ದರೂ ಆ ಮನೆಗೆ ಬರುತ್ತಿದ್ದದ್ದು ಒಂದು ಸಣ್ಣ ಮೊತ್ತ ಮಾತ್ರ. ವಿಮೆ ಇಳಿಸಬಹುದು, ನಿಜ. ಆದರೆ ವಿಮೆಯೂ ವಸ್ತುವಿನ ನಿಜವಾದ ಬೆಲೆಯನ್ನು ನೋಡುತ್ತದೆ. ಅಂಗಡಿಯ ಬಿಲ್ಲು ಇಲ್ಲದ, ಮಾರುಕಟ್ಟೆಯಲ್ಲಿ ಯಾರೂ ಬೆಲೆ ಕಟ್ಟದ ಹಳೆಯ ಫೋಟೊವೊಂದು ಮನೆಯವರಿಗೆ ಎಷ್ಟು ಅಮೂಲ್ಯ ಎಂಬುದನ್ನು ಯಾವ ಅರ್ಜಿಯಲ್ಲಿ ತುಂಬಿಸುವುದು?

2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಪ್ರತ್ಯೇಕ ಸೇವೆಯಾಗಿ ಉಳಿಯದೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಹಳಬರು ಇಂದಿಗೂ ಕೌಂಟರಿಗೆ ಬಂದು ರಿಜಿಸ್ಟರ್ ಮಾಡಿಕೊಡಿ ಎನ್ನುತ್ತಾರೆ. ಈಗ ಸ್ಪೀಡ್ ಪೋಸ್ಟಿಗೇ ಹೆಚ್ಚುವರಿ ಶುಲ್ಕ ಕಟ್ಟಿ ನೋಂದಣಿಯ ಸೌಲಭ್ಯ ಕೇಳಿ ಪಡೆಯಬೇಕು. ಕೇಳದಿದ್ದರೆ ಅದು ತಾನಾಗಿ ಬರುವುದಿಲ್ಲ. ಖಾಸಗಿ ಕೊರಿಯರ್‌ನವರದು ಬೇರೆಯೇ ಕತೆ. ರಶೀದಿಯ ಹಿಂಬದಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ತಮ್ಮ ಹೊಣೆ ಇಂತಿಷ್ಟು ರೂಪಾಯಿಗೆ ಸೀಮಿತ ಎಂದು ಮುದ್ರಿಸಿರುತ್ತಾರೆ. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ, ಆದರೆ ಅಲ್ಲಿ ಗೆದ್ದರೂ ಕೈಗೆ ಬರುವುದು ಹಣ.

ವಸ್ತು ಕಳೆಯದೆ ಬಂದರೂ ಕೆಡದೆ ಬರುತ್ತದೆಂಬ ಖಾತರಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬೆಳಗಾವಿ, ಖಾನಾಪುರ ಕಡೆಯ ಮಳೆಯಲ್ಲಿ ಬಟವಾಡೆಯ ಚೀಲ ಎಷ್ಟು ಜೋಪಾನ ಮಾಡಿದರೂ ತೇವ ಹಿಡಿಯುತ್ತದೆ. ನುಣುಪು ಮೈಯ ಫೋಟೊ ತೇವಗೊಂಡರೆ ಎದುರಿನ ಹಾಳೆಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಮುಖವೇ ಕಿತ್ತುಬರುತ್ತದೆ. ಶಾಯಿ ಪೆನ್ನಿನ ಸಹಿ ನೀರು ತಾಗಿದ ಕ್ಷಣ ಹರಡುತ್ತದೆ. ಪರ್ಮನೆಂಟ್ ಮಾರ್ಕರಿನ ಸಹಿ ನೀರಿಗೆ ಅಷ್ಟು ಬೇಗ ಹೋಗದಿದ್ದರೂ, ಆರುವ ಮುಂಚೆ ಪ್ಲಾಸ್ಟಿಕ್ ಹಾಳೆಯೊಳಗೆ ತೂರಿಸಿದರೆ ಅರ್ಧ ಸಹಿ ಪ್ಲಾಸ್ಟಿಕ್ಕಿಗೇ ಉಳಿಯುತ್ತದೆ. ಲಕೋಟೆಯ ಮೇಲೆ ಠಸ್ಸೆ ಒತ್ತುವಾಗ, ಅದರಲ್ಲೂ ಗಡಿಬಿಡಿಯ ಹೊತ್ತಿನಲ್ಲಿ, ನಾವು ಒಳಗೇನಿದೆ ಎಂದು ನೋಡಿ ಒತ್ತುವುದಿಲ್ಲ. ಒತ್ತಿದ ಗುರುತು ತೆಳುವಾದ ಕಾಗದದ ಮೂಲಕ ಫೋಟೊದ ಮೇಲೆ ಮೂಡುತ್ತದೆ. 'ಮಡಚಬೇಡಿ' ಎಂದು ಬರೆದ ಲಕೋಟೆಯೂ ಉಳಿದ ನೂರಾರು ಲಕೋಟೆಗಳೊಂದಿಗೆ ಕಟ್ಟಿನಲ್ಲಿ ಬಿಗಿಯಾದಾಗ ಬಾಗುತ್ತದೆ. ಅಂಚೆಯ ನೌಕರರ ನಿರ್ಲಕ್ಷ್ಯದ ಮಾತು ಇದಲ್ಲ. ಸುದ್ದಿ ಮುಟ್ಟಿಸಲು ಕಟ್ಟಿದ ವ್ಯವಸ್ಥೆ ಅದು. ಅಪರೂಪದ ವಸ್ತುಗಳನ್ನು ಕೆಡದಂತೆ ಕಾಯುವ ಕೆಲಸಕ್ಕೆ ಅದನ್ನು ಕಟ್ಟಿಲ್ಲ.

ಇಷ್ಟೆಲ್ಲ ದಾಟಿ ಬಂದ ಸಹಿ ಆಟಗಾರನದ್ದೇ ಎಂದು ನಂಬುವುದು ಹೇಗೆ? ಪ್ರಸಿದ್ಧರಿಗೆ ಬರುವ ಪತ್ರಗಳ ರಾಶಿಯನ್ನು ಅವರ ಕಚೇರಿಯವರು ನೋಡಿಕೊಳ್ಳುತ್ತಾರೆ. ಕೆಲವು ಕಡೆ ಸಹಾಯಕರೇ ಸಹಿ ಮಾಡುತ್ತಾರೆ, ಕೆಲವು ಕಡೆ ಮುದ್ರಿಸಿದ ಸಹಿಯ ಕಾರ್ಡು ಕಳಿಸುತ್ತಾರೆ, ಸಹಿಯನ್ನು ಪೆನ್ನಿನಿಂದಲೇ ಬರೆಯುವ ಯಂತ್ರಗಳೂ ಇವೆ. ಇದರಲ್ಲಿ ಮೋಸದ ಉದ್ದೇಶವೇ ಇರಬೇಕೆಂದಿಲ್ಲ. ಆದರೆ ಹಣ ಸೇರಿದಲ್ಲಿ ಮೋಸವೂ ಸೇರುತ್ತದೆ. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಗೆಲುವಿನ ಸಿಕ್ಸರ್ ಹೊಡೆದ ಬ್ಯಾಟು ಅದೇ ವರ್ಷ ಲಂಡನ್ನಿನ ಹರಾಜಿನಲ್ಲಿ 1 ಲಕ್ಷ ಪೌಂಡಿಗೆ ಹೋಯಿತು. 2020ರ ಜನವರಿಯಲ್ಲಿ ಕಾಳ್ಗಿಚ್ಚಿನ ಸಂತ್ರಸ್ತರಿಗಾಗಿ ಶೇನ್ ವಾರ್ನ್ ಹರಾಜಿಗಿಟ್ಟ ಟೆಸ್ಟ್ ಟೋಪಿ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು. ಅವು ಸತ್ಕಾರ್ಯಕ್ಕೆ ಸಂದ ಹಣ. ಆದರೆ ಅಂಥ ಮೊತ್ತಗಳನ್ನು ಕೇಳಿದವರಲ್ಲಿ ನಕಲಿ ಸಹಿಯ ಅಂಗಡಿ ತೆರೆಯುವವರೂ ಇರುತ್ತಾರೆ. ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಎಫ್‌ಬಿಐ ನಡೆಸಿದ 'ಆಪರೇಷನ್ ಬುಲ್‌ಪೆನ್' ಎಂಬ ತನಿಖೆಯಲ್ಲಿ ನಕಲಿ ಸಹಿಗಳ ದೊಡ್ಡ ಜಾಲವೇ ಬಯಲಾಯಿತು. ಮದರ್ ತೆರೇಸಾ ಸಹಿ ಮಾಡಿದ್ದಾರೆಂದು ಹೇಳುವ ಬೇಸ್‌ಬಾಲ್ ಚೆಂಡುಗಳು ಕೂಡ ಅಲ್ಲಿ ಸಿಕ್ಕವು. ಅಪ್ಪಟ ಚೆಂಡನ್ನು ಕೊಟ್ಟು ಯಾರದೋ ಕೈಬರಹವನ್ನು ಪಡೆದುಕೊಳ್ಳುವ ಸಂಭವ ಇದೆ ಎಂಬುದನ್ನು ಮಕ್ಕಳಿಗೆ ಹಿರಿಯರು ಹೇಳಿಕೊಡಬೇಕು.

ಕ್ರೀಡಾ ಸ್ಮರಣಿಕೆಗಳು ನಮ್ಮ ದೇಶದಲ್ಲಿ ಎಷ್ಟು ಸುಲಭವಾಗಿ ಕಣ್ಮರೆಯಾಗುತ್ತವೆ ಎಂಬುದಕ್ಕೆ ಬಲಬೀರ್ ಸಿಂಗ್ ಸೀನಿಯರ್ ಅವರ ಉದಾಹರಣೆ ಸಾಕು. 1948, 1952 ಮತ್ತು 1956ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಆ ಮಹಾನ್ ಹಾಕಿಪಟು, ವಸ್ತುಸಂಗ್ರಹಾಲಯ ಆಗುತ್ತದೆಂಬ ನಂಬಿಕೆಯಿಂದ 1985ರಲ್ಲಿ ತಮ್ಮ 36 ಪದಕಗಳನ್ನು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿ ತೊಟ್ಟಿದ್ದ ಬ್ಲೇಜರ್ ಅನ್ನು ಹಾಗೂ ನೂರಕ್ಕೂ ಹೆಚ್ಚು ಫೋಟೊಗಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಒಪ್ಪಿಸಿದ್ದರು. ಅವು ಎಲ್ಲಿ ಹೋದವೆಂದು ಗೊತ್ತಾಗಲಿಲ್ಲ. ವರ್ಷಗಟ್ಟಲೆ ಕೇಳಿಕೊಂಡರೂ ಅವು ಕೈಸೇರದೆ, 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಮೂರು ಒಲಿಂಪಿಕ್ ಚಿನ್ನದ ಒಡೆಯರಿಗೇ ಹೀಗಾದ ಮೇಲೆ, ಶಹಾಪುರದ ಹುಡುಗನ ಲಕೋಟೆಗೆ ಯಾರು ಜವಾಬು ಕೊಡುತ್ತಾರೆ?

ಇನ್ನು ಹಣದ ಮೋಸ. ಸಹಿಗಾಗಿ ಕಾಯುತ್ತಿರುವ ಹುಡುಗನ ಮನಸ್ಸೆಲ್ಲ ಪೋಸ್ಟ್‌ಮನ್ ದಾರಿಯಲ್ಲೇ ಇರುತ್ತದೆ. ಅಂಥ ಹೊತ್ತಿನಲ್ಲಿ 'ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಅಪೂರ್ಣ, ಈ ಲಿಂಕ್ ಒತ್ತಿ ವಿಳಾಸ ಸರಿಪಡಿಸಿ' ಎಂದು ಇಂಡಿಯಾ ಪೋಸ್ಟ್ ಹೆಸರಿನಲ್ಲಿ ಸಂದೇಶ ಬಂದರೆ ಆತ ಯೋಚಿಸದೆ ಒತ್ತುತ್ತಾನೆ. ಇಂಥ ಸಂದೇಶಗಳು ನಕಲಿ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಎಚ್ಚರಿಸಿದೆ. ಆಟಗಾರನ ಮ್ಯಾನೇಜರ್ ಎಂದು ಹೇಳಿಕೊಂಡು, ಬ್ಯಾಟು ಕಳಿಸಿ, ಜೊತೆಗೆ ನಿರ್ವಹಣಾ ಶುಲ್ಕವನ್ನು ಯುಪಿಐ ಮೂಲಕ ಹಾಕಿ ಎನ್ನುವ ಖಾತೆಗಳನ್ನೂ ನಂಬಬಾರದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮಕ್ಕಳು ಪತ್ರದಲ್ಲಿ ತಮ್ಮ ಶಾಲೆಯ ಹೆಸರು, ತರಗತಿ, ಮನೆಯವರ ಫೋನ್ ಸಂಖ್ಯೆ ಎಲ್ಲವನ್ನೂ ಬರೆದು, ಆ ಪತ್ರದ ಫೋಟೊವನ್ನು ಎಲ್ಲರೂ ನೋಡುವಂತೆ ಹಾಕುವುದನ್ನೂ ನೋಡಿದ್ದೇನೆ. ತಂದೆತಾಯಿಗಳು ಇದನ್ನು ತಡೆಯಲೇಬೇಕು.

ವಿದೇಶಿ ಆಟಗಾರರಿಗೆ ಕಳಿಸುವವರು ಒಂದೆರಡು ಸಂಗತಿ ತಿಳಿದಿರಲಿ. ಮರುಲಕೋಟೆಗೆ ಹಚ್ಚಿದ ನಮ್ಮ ಅಂಚೆ ಚೀಟಿ ಅಲ್ಲಿ ನಡೆಯುವುದಿಲ್ಲ. ವಸ್ತುಗಳನ್ನು ಕಳಿಸಲು ಕಸ್ಟಮ್ಸ್ ಘೋಷಣೆ ಬೇಕು. ಮಣ್ಣು ಮೆತ್ತಿದ ಹಳೆಯ ಬ್ಯಾಟು, ಚೆಂಡುಗಳನ್ನು ಆಸ್ಟ್ರೇಲಿಯದಂಥ ದೇಶಗಳು ಜೈವಿಕ ಸುರಕ್ಷತೆಯ ಹೆಸರಿನಲ್ಲಿ ತಡೆದು ಪರೀಕ್ಷಿಸುತ್ತವೆ.

ಹಾಗಾದರೆ ಏನು ಮಾಡಬೇಕು? ಖಾಲಿ ಕಾರ್ಡು ಕಳಿಸಿ. ಅಂಗಡಿಯಲ್ಲಿ ಸಿಗುವ ದಪ್ಪ ಬಿಳಿ ಹಾಳೆಯನ್ನು ಕತ್ತರಿಸಿದ ಕಾರ್ಡು ಅಥವಾ ಸ್ಟುಡಿಯೊದಲ್ಲಿ ತೆಗೆಸಿದ ಫೋಟೊದ ಇನ್ನೊಂದು ಪ್ರತಿ ಸಾಕು. ಅದು ಕಳೆದರೆ ಮತ್ತೊಂದು ಕಳಿಸಬಹುದು. ಒಂದೇ ಫೋಟೊದ ಮೇಲೆ ಎಲ್ಲರ ಸಹಿ ಸೇರಿಸುವ ಆಸೆಯಿಂದ, ಈಗಾಗಲೇ ಸಹಿಗಳಿರುವ ಮೂಲವನ್ನು ಮತ್ತೆ ಊರೂರು ಸುತ್ತಿಸಬೇಡಿ. ಮರುಲಕೋಟೆಯನ್ನು ಒಳಗಿನ ವಸ್ತುಗಳ ಸಮೇತ ತೂಕ ಹಾಕಿಸಿಯೇ ಅಂಚೆ ಚೀಟಿ ಹಚ್ಚಿ. ಕಳಿಸುವ ಮುಂಚೆ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮಳೆಗಾಲ ಕಳೆಯಲಿ. ಪತ್ರ ಚಿಕ್ಕದಾಗಿರಲಿ, ಸೌಜನ್ಯದಿಂದ ಕೂಡಿರಲಿ. ಉತ್ತರ ಬರದಿದ್ದರೆ ಬೇಸರಪಡದಿರಿ. ಡಾನ್ ಬ್ರಾಡ್ಮನ್ ವೃದ್ಧಾಪ್ಯದಲ್ಲೂ ಅಭಿಮಾನಿಗಳ ಪತ್ರಗಳಿಗೆ ಉತ್ತರ ಬರೆಯುತ್ತ, ಸಹಿ ಮಾಡುತ್ತ ದಿನದ ಎಷ್ಟೋ ಹೊತ್ತು ಕಳೆಯುತ್ತಿದ್ದರು. ಎಲ್ಲರಿಂದಲೂ ಅದನ್ನು ನಿರೀಕ್ಷಿಸಲಾಗದು.

ಸಹಿಗೆ ನಿಜವಾದ ಜಾಗ ಮೈದಾನ. ನಮ್ಮ ಆಟೋನಗರದ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನದಲ್ಲಿ 2019ರ ಮೇ ತಿಂಗಳಲ್ಲಿ ಭಾರತ 'ಎ' ಮತ್ತು ಶ್ರೀಲಂಕಾ 'ಎ' ತಂಡಗಳು ಆಡಿದ್ದವು. ರಣಜಿ ಪಂದ್ಯಗಳೂ ಇಲ್ಲಿ ನಡೆದಿವೆ. ಇಂಥ ಪಂದ್ಯಗಳ ಸಂದರ್ಭದಲ್ಲಿ ದಿನದಾಟ ಮುಗಿದ ಮೇಲೆ ಅರ್ಧ ಗಂಟೆ, ಶಾಲಾ ಮಕ್ಕಳು ಸಾಲಾಗಿ ಬಂದು ಸಹಿ ಪಡೆಯುವ ವ್ಯವಸ್ಥೆಯನ್ನು ಕ್ರಿಕೆಟ್ ಸಂಸ್ಥೆಯವರು ಮಾಡಬಹುದಲ್ಲವೇ? 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದು ಭಾರತವನ್ನು ಸೆಮಿಫೈನಲ್‌ಗೆ ಮುಟ್ಟಿಸಿದ ರಾಜೇಶ್ವರಿ ಗಾಯಕವಾಡ್ ನಮ್ಮ ಪಕ್ಕದ ವಿಜಯಪುರದವರು. ಸೈಕ್ಲಿಂಗ್‌ನಲ್ಲಿ, ಕುಸ್ತಿಯಲ್ಲಿ ಹೆಸರು ಮಾಡಿದವರು ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಎಷ್ಟೋ ಜನರಿದ್ದಾರೆ. ಶಾಲೆಗಳ ವಾರ್ಷಿಕ ಕ್ರೀಡಾಕೂಟಕ್ಕೆ ರಾಜಕಾರಣಿಗಳ ಬದಲು ಇಂಥವರನ್ನು ಕರೆದರೆ, ಮಕ್ಕಳು ಅವರ ಕೈಯಿಂದಲೇ, ಕಣ್ಣೆದುರಲ್ಲೇ ಸಹಿ ಪಡೆಯುತ್ತಾರೆ. ಅದು ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿಗಳು ಈ ಬಗ್ಗೆ ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಬೇಕೆಂದು ಕೋರುತ್ತೇನೆ.

ಅಂಚೆ ಇಲಾಖೆಗೂ ಒಂದು ಬೇಡಿಕೆ ಇದೆ. 'ಎಷ್ಟ ದಿನದಾಗ ಮುಟ್ಟತೈತ್ರೀ?' ಎಂದು ಕೇಳುವ ಹುಡುಗನಿಗೆ ಕೌಂಟರಿನಲ್ಲಿರುವವರು ದಿನದ ಲೆಕ್ಕ ಹೇಳಿ ಮುಗಿಸುತ್ತಾರೆ. ಸರದಿ ಉದ್ದವಿದ್ದಾಗ ಅದಕ್ಕಿಂತ ಹೆಚ್ಚು ಮಾತಾಡಲು ಪುರುಸೊತ್ತಿರುವುದಿಲ್ಲ ಎಂಬುದು ನನಗೂ ಗೊತ್ತು. ಆದ್ದರಿಂದ ಸಾದಾ ಟಪಾಲಿಗೆ ದಾಖಲೆ ಇರುವುದಿಲ್ಲ, ಸ್ಪೀಡ್ ಪೋಸ್ಟ್ ಕಳೆದರೆ ಸಿಗುವ ಪರಿಹಾರ ಇಷ್ಟೇ, ನೋಂದಣಿ ಮತ್ತು ವಿಮೆಯನ್ನು ಕೇಳಿ ಪಡೆಯಬೇಕು, ಅಮೂಲ್ಯ ವಸ್ತುಗಳನ್ನು ವಿಮೆ ಇಲ್ಲದೆ ಕಳಿಸಬೇಡಿ ಎಂಬ ನಾಲ್ಕು ಸಾಲುಗಳನ್ನು ಸರಳ ಕನ್ನಡದಲ್ಲಿ ಬರೆಸಿ, ಪ್ರತಿ ಅಂಚೆ ಕಚೇರಿಯಲ್ಲಿ ಶುಲ್ಕಪಟ್ಟಿಯ ಪಕ್ಕದಲ್ಲೇ ತೂಗುಹಾಕಲು ಅಂಚೆ ಅಧೀಕ್ಷಕರು ಆದೇಶಿಸಬೇಕು. ಬರುವ ಶಾಲಾ ರಜೆಗೆ ಮುಂಚೆಯೇ ಇದು ಆಗಲಿ. ಇಂಥ ಲಕೋಟೆಗಳು ಹೆಚ್ಚಾಗಿ ಬರುವುದು ಆ ತಿಂಗಳುಗಳಲ್ಲೇ.

ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ಸಹಾಯಕ,
ಟಿಳಕವಾಡಿ, ಬೆಳಗಾವಿ